ಲದ್ದಿ ಹಸಿಯೋ, ಒಣಗಿದ್ದೋ?

ದಾವಣಗೆರೆ ಸೀಮೆಯಲ್ಲಿ ಜುಲೈ ತಿಂಗಳ ಒಂದು ಬೆಳಿಗ್ಗೆ. ರಾತ್ರಿಯ ತುಂತುರಿಗೆ ನೆನೆದ ಮಣ್ಣು ಚಪ್ಪಲಿಗೆ ಅಂಟುತ್ತಿತ್ತು. ಬಿತ್ತಿ ಇಪ್ಪತ್ತೈದು ದಿನವಾದ ಮೆಕ್ಕೆಜೋಳ ಮೊಣಕಾಲೆತ್ತರ ಬಂದಿತ್ತು. ಬದುವಿನ ಮೇಲೆ ನಿಂತು ನೋಡಿದರೆ ಹೊಲವೆಲ್ಲ ಹಸಿರು, ಒಂದು ತಕರಾರೂ ಕಾಣದು. ಹೊಲದ ಯಜಮಾನರು ಸಾಲಿನೊಳಗೆ ಹತ್ತು ಹೆಜ್ಜೆ ನಡೆದು ಒಂದು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತರು. ಸುಳಿಯ ಎಲೆಗಳನ್ನು ಎರಡೂ ಹೆಬ್ಬೆರಳಿಂದ ಮೆಲ್ಲಗೆ ಬಿಡಿಸಿದರು. ಒಳಗೆ ಒದ್ದೆ ಮರದ ಹೊಟ್ಟಿನಂಥ ಕಂದು ಪುಡಿ ತುಂಬಿತ್ತು. ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿದರು.

“ಹಸಿ ಐತಿ ನೋಡ್ರಿ. ಒಳಗೇ ಐತಿ ಹುಳ.”

ಪಕ್ಕದ ಗಿಡದ ಎಲೆಗಳಲ್ಲಿ ಇನ್ನೂ ದೊಡ್ಡ ತೂತುಗಳಿದ್ದವು. ಆದರೆ ಅದರ ಸುಳಿಯಲ್ಲಿದ್ದ ಪುಡಿ ಒಣಗಿ ಗಟ್ಟಿಯಾಗಿತ್ತು, ಸುಳಿಯಿಂದ ಏಳುತ್ತಿದ್ದ ಹೊಸ ಎಲೆ ನುಣುಪಾಗಿತ್ತು. “ಇದು ಹಳೇದ್ರಿ. ಹುಳ ಇಳಿದು ಹೋಗೈತಿ,” ಎಂದು ಅವರು ಮುಂದಿನ ಗಿಡಕ್ಕೆ ಸರಿದರು.

ಅರೆ ನಿಮಿಷದ ಈ ಪರೀಕ್ಷೆಯಲ್ಲಿ ಕೀಟಶಾಸ್ತ್ರದ ದೊಡ್ಡ ಪಾಠವೊಂದಿದೆ. ಹೊಲದಲ್ಲಿ ಹುಳು ಇದೆಯೇ ಎಂದು ಕೇಳಿದರೆ ಅರ್ಧ ಪ್ರಶ್ನೆ ಕೇಳಿದಂತೆ. ಈಗಲೂ ಇದೆಯೇ, ಎಷ್ಟು ಗಿಡದಲ್ಲಿದೆ, ಎಷ್ಟು ಬಲಿತಿದೆ ಎಂಬ ಮೂರೂ ತಿಳಿದ ಮೇಲೆಯೇ ಏನು ಮಾಡಬೇಕೆಂದು ಹೇಳಲು ಬರುತ್ತದೆ. ಆ ಮೂರಕ್ಕೂ ಉತ್ತರ ಸಾಲಿನೊಳಗೆ ನಡೆದವರಿಗಷ್ಟೇ ಸಿಗುತ್ತದೆ.

ಕಡಲು ದಾಟಿ ಬಂದದ್ದು

ಹಳೆ ಮೈಸೂರಿನವರು ಮುಸುಕಿನ ಜೋಳ, ಹಾವೇರಿ-ಧಾರವಾಡದವರು ಗೋವಿನಜೋಳ ಎನ್ನುವ ಈ ಬೆಳೆಗೆ ಹುಳುವಿನ ಕಾಟ ಹೊಸದಲ್ಲ. ಕಾಂಡಕೊರಕ ಹಿಂದಿನಿಂದಲೂ ಇತ್ತು. ಕೆಲವು ವರ್ಷ ದಂಡುಕಟ್ಟಿ ಬಂದು ಎಲೆ ಬೋಳಿಸಿ ಹೋಗುವ ಸೈನಿಕ ಹುಳುವೂ ಇತ್ತು. ಅದನ್ನೇ ನಮ್ಮ ರೈತರು ಲದ್ದಿ ಹುಳು ಎಂದು ಕರೆದದ್ದು. ಹುಳುವಿನ ಬಣ್ಣ, ಆಕಾರಕ್ಕಿಂತ ಅದು ಬಿಟ್ಟುಹೋಗುವ ಲದ್ದಿಯೇ ಮೊದಲು ಕಣ್ಣಿಗೆ ಬೀಳುವುದರಿಂದ ಹೆಸರಿನಲ್ಲೇ ಗುರುತು ಸೇರಿಕೊಂಡಿತು.

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಕಾಲೇಜಿನ ಸುತ್ತಲ ಮೆಕ್ಕೆಜೋಳದಲ್ಲಿ ಬೇರೆಯದೇ ಒಂದು ಹುಳು ಕಂಡಿತು. ಕೀಟಶಾಸ್ತ್ರಜ್ಞರಾದ ಶರಣಬಸಪ್ಪ, ಸಿ.ಎಂ. ಕಲ್ಲೇಶ್ವರಸ್ವಾಮಿ ಮತ್ತು ಸಂಗಡಿಗರು ಅದರ ದೇಹಲಕ್ಷಣವನ್ನೂ ಡಿಎನ್‌ಎಯನ್ನೂ ಪರೀಕ್ಷಿಸಿ, ಇದು ಅಮೆರಿಕ ಖಂಡದ ಸ್ಪೊಡಾಪ್ಟೆರಾ ಫ್ರುಜಿಪರ್ಡಾ, ಅಂದರೆ ಫಾಲ್ ಸೈನಿಕ ಹುಳು, ಎಂದು ಖಚಿತಪಡಿಸಿದರು. ಭಾರತದಲ್ಲಿ ಅದರ ಮೊದಲ ದಾಖಲೆ ಅದೇ. ಎರಡು ವರ್ಷ ಮೊದಲು, 2016ರಲ್ಲಿ, ಅದು ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸಿಕೊಂಡಿತ್ತು. ಶಿವಮೊಗ್ಗದ ದಾಖಲೆಯ ಬೆನ್ನಿಗೇ ನೆರೆಯ ರಾಜ್ಯಗಳಲ್ಲೂ ಹಬ್ಬಿತು. 2019ರ ಆರಂಭಕ್ಕೆ ಚೀನಾ, 2020ರ ಆರಂಭಕ್ಕೆ ಆಸ್ಟ್ರೇಲಿಯಾ ಮುಟ್ಟಿತು. ಗಾಳಿ ಅನುಕೂಲವಾಗಿದ್ದರೆ ಇದರ ಪತಂಗ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್ ಹಾರಬಲ್ಲದು.

ಈ ಕೀಟಕ್ಕೆ ಹೆಸರಿಟ್ಟವರು ಇಂಗ್ಲೆಂಡಿನ ಜೇಮ್ಸ್ ಎಡ್ವರ್ಡ್ ಸ್ಮಿತ್. ಅಮೆರಿಕದ ಜಾರ್ಜಿಯಾದಲ್ಲಿ ಜಾನ್ ಅಬಟ್ ಬಿಡಿಸಿದ ಚಿತ್ರಗಳನ್ನು ಆಧರಿಸಿ 1797ರಲ್ಲಿ ಅವರು ಇದನ್ನು ವರ್ಣಿಸಿದರು. ಫ್ರುಜಿಪರ್ಡಾ ಎಂದರೆ ಲ್ಯಾಟಿನ್ನಿನಲ್ಲಿ ಫಸಲು ಕಳೆಯುವುದು ಎಂಬ ಅರ್ಥ. ಹೆಸರಿನ ಮೊದಲಿಗಿರುವ ‘ಫಾಲ್’ ಎಂದರೆ ಅಮೆರಿಕದವರ ಶರತ್ಕಾಲ. ಹಿಮ ಬೀಳುವ ಚಳಿಯನ್ನು ಈ ಹುಳು ತಾಳಲಾರದು. ಫ್ಲಾರಿಡಾ, ಟೆಕ್ಸಾಸ್‌ಗಳ ಬೆಚ್ಚಗಿನ ದಕ್ಷಿಣ ತುದಿಯಲ್ಲಿ ಚಳಿಗಾಲ ಕಳೆದು, ಬೇಸಿಗೆಯುದ್ದಕ್ಕೂ ಪೀಳಿಗೆಯ ಮೇಲೆ ಪೀಳಿಗೆ ಉತ್ತರಕ್ಕೆ ಸರಿದು, ಶರತ್ಕಾಲದ ಹೊತ್ತಿಗೆ ಅಲ್ಲಿನ ಹೊಲಗಳಲ್ಲಿ ಕಾಣಿಸಿಕೊಳ್ಳುತ್ತದೆ. ನಮ್ಮಲ್ಲಿ ಅಂಥ ಚಳಿಯಿಲ್ಲ. ಮುಂಗಾರಿನ ಬೆಳೆ ಮುಗಿದರೆ ಹಿಂಗಾರಿನದು, ಅದು ಮುಗಿದರೆ ನೀರಾವರಿಯ ಬೇಸಿಗೆ ಬೆಳೆ. ವರ್ಷವಿಡೀ ಎಲ್ಲೋ ಒಂದು ಕಡೆ ಎಳೆಯ ಸುಳಿ ಸಿಗುವ ನಾಡಿನಲ್ಲಿ ಅದಕ್ಕೆ ಕಾಲದ ಕಟ್ಟುಪಾಡಿಲ್ಲ.

ಒಂದು ತಿಂಗಳ ಬಾಳು

ಹೆಣ್ಣು ಪತಂಗ ರಾತ್ರಿ ಬಂದು ಎಲೆಯ ಮೇಲೆ ನೂರು-ಇನ್ನೂರು ಮೊಟ್ಟೆಗಳನ್ನು ಒಂದೇ ಗುಂಪಾಗಿ ಇಟ್ಟು, ತನ್ನ ಮೈಯ ರೋಮದಂಥ ಹುರುಪೆಗಳನ್ನು ಹೊದಿಸುತ್ತದೆ. ನೋಡಲು ಎಲೆಗೆ ಬೂದು ಹತ್ತಿ ಅಂಟಿದಂತೆ ಇರುತ್ತದೆ. ತನ್ನ ಬಾಳಿನಲ್ಲಿ ಒಂದು ಹೆಣ್ಣು ಸಾವಿರದ ಐನೂರಕ್ಕೂ ಮೀರಿ ಮೊಟ್ಟೆ ಇಡಬಹುದು. ನಮ್ಮ ಸೆಕೆಯಲ್ಲಿ ಎರಡು ಮೂರು ದಿನಕ್ಕೆ ಮೊಟ್ಟೆ ಒಡೆಯುತ್ತದೆ.

ಆಗ ಹೊರಬರುವ ಮರಿಹುಳು ದಾರದ ತುಣುಕಿನಷ್ಟೇ ಇರುತ್ತದೆ. ಎಲೆಯನ್ನು ಪೂರ್ತಿ ಕಚ್ಚುವ ಶಕ್ತಿ ಅದಕ್ಕಿನ್ನೂ ಇಲ್ಲ. ಒಂದು ಬದಿಯ ಹಸಿರನ್ನು ಕೆರೆದು ತಿಂದು, ಇನ್ನೊಂದು ಬದಿಯ ತೆಳು ಪೊರೆಯನ್ನು ಹಾಗೇ ಬಿಡುತ್ತದೆ. ಆ ಎಲೆಯನ್ನು ಬೆಳಕಿಗೆ ಹಿಡಿದರೆ ಎಣ್ಣೆ ಬಿದ್ದ ಕಾಗದದಂತೆ ಅಲ್ಲಲ್ಲಿ ಬಿಳಿ ಕಿಟಕಿಗಳು ಕಾಣುತ್ತವೆ. ಹೊಲದಲ್ಲಿ ಓದಬೇಕಾದ ಮೊದಲ ಅಕ್ಷರ ಇದು. ಮರಿಗಳು ರೇಷ್ಮೆಯಂಥ ಎಳೆ ಬಿಟ್ಟು ತೂಗಾಡುತ್ತ ಗಾಳಿಯಲ್ಲಿ ಅಕ್ಕಪಕ್ಕದ ಗಿಡಗಳಿಗೂ ಹಂಚಿಹೋಗುತ್ತವೆ.

ಆರು ಹಂತಗಳಲ್ಲಿ ಪೊರೆ ಕಳಚುತ್ತ ಹುಳು ಬೆಳೆಯುತ್ತದೆ. ಮೂರನೆಯ ಹಂತ ದಾಟುವ ಹೊತ್ತಿಗೆ ಸುಳಿಯೊಳಗೆ ನೆಲೆ ಕಂಡುಕೊಂಡಿರುತ್ತದೆ. ಸುಳಿಯಲ್ಲಿ ಎಲೆ ಚಾಪೆಯಂತೆ ಸುತ್ತಿಕೊಂಡಿರುತ್ತದೆಯಲ್ಲ, ಅದರ ಮೂಲಕ ಹುಳು ಒಂದು ತೂತು ಕೊರೆದರೆ ಎಲ್ಲ ಸುತ್ತುಗಳೂ ತೂತಾಗುತ್ತವೆ. ಕೆಲವು ದಿನ ಕಳೆದು ಎಲೆ ಬಿಚ್ಚಿಕೊಂಡಾಗ ಅಡ್ಡಲಾಗಿ ಒಂದೇ ಸಾಲಿನಲ್ಲಿ ತೂತುಗಳು ಕಾಣುತ್ತವೆ. ಹಾಗಾಗಿ ಬಿಚ್ಚಿದ ಎಲೆಯ ತೂತು ಕಳೆದ ವಾರದ ಸುದ್ದಿ. ಇಂದಿನ ಸುದ್ದಿ ಬೇಕಿದ್ದರೆ ಸುಳಿಯ ಒಳಗಿನ ಎಲೆಯನ್ನೂ ಹಸಿ ಲದ್ದಿಯನ್ನೂ ನೋಡಬೇಕು.

ಒಂದು ಸುಳಿಯಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ದೊಡ್ಡ ಹುಳು ಮಾತ್ರ ಇರುತ್ತವೆ. ಜಾಗಕ್ಕೆ ಪೈಪೋಟಿ ಬಿದ್ದಾಗ ಇವು ಒಂದನ್ನೊಂದು ತಿನ್ನುತ್ತವೆ. ಬಲಿತ ಹುಳು ಮೂರು ನಾಲ್ಕು ಸೆಂಟಿಮೀಟರ್ ಉದ್ದ. ತಲೆಯ ಮೇಲೆ ಇಂಗ್ಲಿಷಿನ ‘ವೈ’ ಅಕ್ಷರವನ್ನು ತಲೆಕೆಳಗಾಗಿ ಬರೆದಂತೆ ಬಿಳಿ ಗೆರೆ. ಬಾಲದ ಕಡೆಯಿಂದ ಎರಡನೆಯ ಖಂಡದ ಮೇಲೆ, ಚೌಕಾಬಾರದ ಮನೆಯ ನಾಲ್ಕು ಮೂಲೆಗೂ ಕಾಯಿ ಇಟ್ಟಂತೆ, ನಾಲ್ಕು ಕಪ್ಪು ಚುಕ್ಕೆ. ಈ ಎರಡು ಗುರುತು ಸಿಕ್ಕರೆ ಹುಳು ಇದೇ.

ಹುಳು ತನ್ನ ಬಾಳಿನಲ್ಲಿ ತಿನ್ನುವ ಎಲೆಯ ಬಹುಪಾಲನ್ನು ಕೊನೆಯ ಎರಡು ಹಂತಗಳಲ್ಲೇ ತಿನ್ನುತ್ತದೆ. ಅಂದರೆ ರಸ್ತೆಯಲ್ಲಿ ಹೋಗುವವರಿಗೂ ಹಾನಿ ಕಾಣುವಾಗ ಹುಳು ಊಟ ಮುಗಿಸುವ ಹಂತದಲ್ಲಿರುತ್ತದೆ. ಅಷ್ಟು ಹೊತ್ತಿಗೆ ಸುಳಿಯಲ್ಲಿ ಅದರ ಲದ್ದಿಯೇ ಮುಚ್ಚಳದಂತೆ ಕೂತು, ಮೇಲಿಂದ ಸಿಂಪಡಿಸಿದ್ದು ಹುಳುವಿಗೆ ತಾಕದಂತೆ ಕಾಯುತ್ತದೆ. ಮುಂದೆ ಹುಳು ಮಣ್ಣಿಗಿಳಿದು ಕೆಲವೇ ಸೆಂಟಿಮೀಟರ್ ಆಳದಲ್ಲಿ ಕೋಶವಾಗಿ, ಎಂಟು ಹತ್ತು ದಿನಕ್ಕೆ ಪತಂಗವಾಗಿ ಏಳುತ್ತದೆ. ಮೊಟ್ಟೆಯಿಂದ ಪತಂಗದವರೆಗೆ ಬೆಚ್ಚಗಿನ ದಿನಗಳಲ್ಲಿ ಸುಮಾರು ಒಂದು ತಿಂಗಳು. ಕೊಲ್ಲಲು ಸುಲಭವಾದಾಗ ಹುಳು ಕಾಣುವುದಿಲ್ಲ, ಕಾಣುವಾಗ ಕೊಲ್ಲುವುದು ಕಷ್ಟ. ಈ ತೊಡಕನ್ನು ಬಿಡಿಸಲು ಇರುವ ದಾರಿ, ಕಾಣದ ಹೊತ್ತಿನಲ್ಲೇ ಹುಡುಕಿಕೊಂಡು ಹೋಗುವುದು.

ಐವತ್ತು ಗಿಡ

60 ಸೆಂಟಿಮೀಟರಿಗೊಂದು ಸಾಲು, 30 ಸೆಂಟಿಮೀಟರಿಗೊಂದು ಗಿಡ ಎಂದರೆ ಎಕರೆಗೆ ಸುಮಾರು 22 ಸಾವಿರ ಗಿಡ. ಎಲ್ಲವನ್ನೂ ನೋಡಲು ಯಾರಿಗೂ ಆಗದು. ಅನ್ನ ಬೆಂದಿದೆಯೇ ಎಂದು ಒಂದಗುಳು ಹಿಚುಕಿದರೆ ಸಾಕು, ಏಕೆಂದರೆ ಪಾತ್ರೆಯ ಅಗುಳೆಲ್ಲ ಒಂದೇ ನೀರಿನಲ್ಲಿ ಕುದಿದಿರುತ್ತದೆ. ಹೊಲ ಹಾಗಲ್ಲ. ಒಂದು ಮೊಟ್ಟೆ ಗುಂಪಿನಿಂದ ಹೊರಟ ಮರಿಗಳು ಅಲ್ಲೇ ಹತ್ತಾರು ಗಿಡಗಳಿಗೆ ಹಬ್ಬುವುದರಿಂದ ಹುಳು ಒಂದು ಕಡೆ ದಟ್ಟವಾಗಿ, ಇನ್ನೊಂದು ಕಡೆ ಇಲ್ಲವೇ ಇಲ್ಲ ಎನ್ನುವಂತೆ ಇರುತ್ತದೆ. ಬದುವಿನ ಅಂಚಿನ ಸಾಲುಗಳದ್ದೇ ಒಂದು ಕಥೆ, ನಡುಹೊಲದ್ದೇ ಇನ್ನೊಂದು.

ಅದಕ್ಕೇ ಇಂಗ್ಲಿಷಿನ ‘ಡಬ್ಲ್ಯು’ ಅಕ್ಷರದ ನಡಿಗೆ. ಅಂಚಿನ ಸಾಲುಗಳನ್ನು ಬಿಟ್ಟು ಒಳಹೊಕ್ಕು, ಹೊಲದುದ್ದಕ್ಕೂ ಓರೆಯಾಗಿ ಹೋಗಿ ಬಂದು, ಐದು ಕಡೆ ನಿಲ್ಲಬೇಕು. ನಿಂತಲ್ಲಿ ಒಂದೇ ಸಾಲಿನ ಹತ್ತು ಗಿಡಗಳನ್ನು ಒಂದನ್ನೂ ಬಿಡದೆ ನೋಡಬೇಕು. ಹಾಳಾದ ಗಿಡ ಕಣ್ಣು ಸೆಳೆಯುತ್ತದೆ, ಕೈ ತಾನಾಗಿ ಅದರ ಕಡೆ ಹೋಗುತ್ತದೆ. ಹಾಗೆ ಆರಿಸಿದರೆ ಎಣಿಕೆ ಕೆಟ್ಟಿತು. ಐದನೆಯ ಹೆಜ್ಜೆಗೆ ಯಾವ ಗಿಡ ಸಿಕ್ಕಿತೋ ಅಲ್ಲಿಂದ ಹತ್ತು ಎಂದು ಮೊದಲೇ ನಿಶ್ಚಯಿಸಿಕೊಂಡರೆ ಕಣ್ಣಿನ ಪಕ್ಷಪಾತ ತಪ್ಪುತ್ತದೆ.

ಆ ಬೆಳಿಗ್ಗೆ ನಾವು ಹಾಗೇ ಎಣಿಸಿದೆವು. ಐವತ್ತು ಗಿಡಗಳಲ್ಲಿ ಹದಿಮೂರರಲ್ಲಿ ತೂತುಗಳಿದ್ದವು. ಶೇಕಡ 26 ಎಂದರೆ ಯಾರಿಗಾದರೂ ಎದೆ ಝಲ್ಲೆನ್ನಬೇಕು. ಹಸಿ ಲದ್ದಿಯೋ ಹೊಸ ಬಿಳಿ ಕಿಟಕಿಯೋ ಇದ್ದವು ಮಾತ್ರ ನಾಲ್ಕು, ಅಂದರೆ ಶೇಕಡ 8. ಯಜಮಾನರು ಚೀಟಿಯಲ್ಲಿ ಬರೆದುಕೊಂಡದ್ದು ಈ ನಾಲ್ಕನ್ನು.

ಐವತ್ತು ಗಿಡದ ಎಣಿಕೆಯನ್ನು ಎಷ್ಟು ನಂಬಬಹುದು? ಐವತ್ತರಲ್ಲಿ ನಾಲ್ಕು ಸಿಕ್ಕರೆ ಇಡೀ ಹೊಲದ ನಿಜ ಪ್ರಮಾಣ ಶೇಕಡ 2ರಿಂದ 19ರ ನಡುವೆ ಎಲ್ಲಾದರೂ ಇರಬಹುದು ಎನ್ನುತ್ತದೆ ಸಂಖ್ಯಾಶಾಸ್ತ್ರ. ಇಷ್ಟು ಅಗಲವಾದ ಅಂದಾಜೇ ಎಂದು ಬೇಸರಪಡಬೇಕಿಲ್ಲ. ಮೂರು ನಾಲ್ಕು ದಿನ ಬಿಟ್ಟು ಮತ್ತೆ ನಡೆದರೆ ಅಂದಾಜು ಬಿಗಿಯಾಗುತ್ತದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೂ ಗೊತ್ತಾಗುತ್ತದೆ. ಮೊಳಕೆಯೊಡೆದಾಗಿನಿಂದ ಸುಳಿಯ ಹಂತ ಮುಗಿಯುವವರೆಗೆ ವಾರಕ್ಕೆರಡು ಬಾರಿಯ ಈ ನಡಿಗೆಗೆ ತಗಲುವುದು ಬೆಳಗಿನ ಅರ್ಧ ಮುಕ್ಕಾಲು ಗಂಟೆ.

ಎಕರೆಗೆ ಐದರಂತೆ ನೆಟ್ಟ ಮೋಹಕ ಬಲೆಗಳು ಈ ಕೆಲಸಕ್ಕೆ ಜೊತೆಯಾಗುತ್ತವೆ. ಹೆಣ್ಣಿನ ವಾಸನೆಯನ್ನು ಹೋಲುವ ಗುಳಿಗೆಗೆ ಮರುಳಾಗಿ ಗಂಡು ಪತಂಗಗಳು ಬಂದು ಬೀಳುತ್ತವೆ. ಬಲೆಗೆ ಪತಂಗ ಬಿದ್ದರೆ ಮೊಟ್ಟೆ ಹುಡುಕುವ ದಿನ ಬಂತೆಂದು ತಿಳಿಯಬೇಕು. ಗಿಡದಲ್ಲಿ ಎಷ್ಟು ಹುಳುವಿದೆ ಎಂಬುದನ್ನು ಬಲೆ ಹೇಳಲಾರದು, ಅದಕ್ಕೆ ಕಾಲೇ ಬೇಕು.

ಗೆರೆ ಎಲ್ಲಿ ಎಳೆಯುವುದು?

ಎಣಿಸಿದ ಮೇಲೆ ನಿರ್ಧಾರ. 1959ರಲ್ಲಿ ಕ್ಯಾಲಿಫೋರ್ನಿಯಾದ ನಾಲ್ವರು ಕೀಟಶಾಸ್ತ್ರಜ್ಞರು, ವರ್ನನ್ ಸ್ಟರ್ನ್, ರೇ ಸ್ಮಿತ್, ರಾಬರ್ಟ್ ವಾನ್ ಡೆನ್ ಬಾಷ್ ಮತ್ತು ಕೆನೆತ್ ಹೇಗನ್, ಈ ನಿರ್ಧಾರಕ್ಕೊಂದು ತಳಹದಿ ಹಾಕಿಕೊಟ್ಟರು. ಮೇವಿನ ಬೆಳೆಯಾದ ಕುದುರೆಮಸಾಲೆಯಲ್ಲಿ ವಿಷ ಹೊಡೆದಷ್ಟೂ ಸಸ್ಯಹೇನು ಹೆಚ್ಚುವುದನ್ನು ಅವರು ಕಂಡಿದ್ದರು. ಹೊಲದಲ್ಲಿ ಕೀಟವೇ ಇರಬಾರದೆಂಬ ಹಟವನ್ನು ಬಿಡಬೇಕು, ಕೀಟದಿಂದಾಗುವ ನಷ್ಟ ಅದನ್ನು ತಡೆಯುವ ಖರ್ಚಿಗೆ ಸಮವಾಗುವ ಮಟ್ಟವನ್ನು ಗುರುತಿಸಬೇಕು, ಆ ಮಟ್ಟ ಮುಟ್ಟುವ ಮುನ್ನ ಕೈ ಎತ್ತಬೇಕು ಎಂಬುದು ಅವರ ವಾದ. ಇಂದು ಸಮಗ್ರ ಕೀಟ ನಿರ್ವಹಣೆ ಎನ್ನುವುದರ ಬೇರು ಅಲ್ಲಿದೆ.

ಲೆಕ್ಕಕ್ಕೆಂದು ಎಕರೆಗೆ ಒಂದು ಸಿಂಪಡಣೆಗೆ ಕೂಲಿ ಸೇರಿ ಸಾವಿರ ರೂಪಾಯಿ, ಕ್ವಿಂಟಲ್ ಜೋಳಕ್ಕೆ ಎರಡು ಸಾವಿರ ಎಂದಿಟ್ಟುಕೊಳ್ಳಿ. ಆ ಸಿಂಪಡಣೆ ಎಕರೆಗೆ ಐವತ್ತು ಕಿಲೋ ಜೋಳವನ್ನಾದರೂ ಉಳಿಸದಿದ್ದರೆ ಹುಳುವಿಗಿಂತ ಹೆಚ್ಚು ನಷ್ಟ ಮಾಡಿದ್ದು ಪಂಪು. ದರ ಬದಲಾದರೆ ಗೆರೆಯೂ ಸರಿಯುತ್ತದೆ. ಆಫ್ರಿಕಾದ ರೈತರಿಗಾಗಿ ಬರೆದ ಕೈಪಿಡಿಯಲ್ಲಿ ಎಳೆಯ ಸುಳಿಗೆ ಶೇಕಡ 20, ಬಲಿತ ಸುಳಿಗೆ ಶೇಕಡ 40ರಷ್ಟು ಗಿಡಗಳ ಹಾನಿಯನ್ನು ಗೆರೆಯಾಗಿ ಇಟ್ಟರು. ನಮ್ಮಲ್ಲಿ ಇನ್ನೂ ಎಚ್ಚರದ ಗೆರೆ: ಎಳೆಯ ಹಂತದಲ್ಲಿ ಶೇಕಡ 5 ದಾಟಿದರೆ ಬೇವು, ಸುಳಿಯ ನಡುಹಂತದಿಂದ ಮುಂದೆ ಶೇಕಡ 10 ದಾಟಿದರೆ ಶಿಫಾರಸಾದ ಕೀಟನಾಶಕ. ಸೂಲಂಗಿ ಬಂದ ಮೇಲೆ ಸಿಂಪಡಣೆ ಖರ್ಚಿಗೆ ತಕ್ಕ ಫಲ ಕೊಡದು.

ತೂತಾದ ಎಲೆ ನೋಡಿ ಕಂಗೆಡುವ ಮೊದಲು ಗಿಡದ ತಾಳಿಕೆಯನ್ನೂ ಅರಿಯಬೇಕು. ಮೆಕ್ಕೆಜೋಳದ ಬೆಳೆಯುವ ತುದಿ ಐದಾರು ಎಲೆ ಬರುವವರೆಗೆ ಮಣ್ಣಿನೊಳಗೇ ಇರುತ್ತದೆ. ಅದಕ್ಕೆ ಪೆಟ್ಟಾಗದಿದ್ದರೆ ಎಲೆ ಹರಿದರೂ ಗಿಡ ಚೇತರಿಸಿಕೊಳ್ಳುತ್ತದೆ. ಜಿಂಬಾಬ್ವೆಯ ಸಣ್ಣ ಹಿಡುವಳಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಗಿಡಗಳಿಗೆ ಹುಳು ಬಿದ್ದಿದ್ದರೂ ಇಳುವರಿಯಲ್ಲಿ ಕಳೆದದ್ದು ಸುಮಾರು ಶೇಕಡ 12.

ಸಾವಿರದ ಐನೂರರಲ್ಲಿ ಎರಡು

ಇನ್ನೊಂದು ಲೆಕ್ಕ ಹಾಕೋಣ. ಒಂದು ಹೆಣ್ಣಿನ 1,500 ಮೊಟ್ಟೆಗಳಲ್ಲಿ ಸರಾಸರಿ ಎರಡು ಬದುಕಿ ಪತಂಗವಾದರೆ, ಒಂದು ಗಂಡು ಒಂದು ಹೆಣ್ಣು, ಹುಳುವಿನ ಸಂಖ್ಯೆ ಇದ್ದಷ್ಟೇ ಇರುತ್ತದೆ. ಅಂದರೆ ಉಳಿದ 1,498 ಎಲ್ಲೋ ಸಾಯಲೇಬೇಕು. ಎರಡರ ಬದಲು ನಾಲ್ಕು ಬದುಕಿದರೆ ಮುಂದಿನ ತಿಂಗಳಿಗೆ ಹುಳು ಇಮ್ಮಡಿ. 1,498ಕ್ಕೂ 1,496ಕ್ಕೂ ಇರುವ ಆ ಸಣ್ಣ ವ್ಯತ್ಯಾಸದಲ್ಲಿ ರೈತರ ಇಡೀ ಹಂಗಾಮು ನಿಂತಿದೆ.

ಆ 1,498ನ್ನು ಕೊಲ್ಲುವವರು ಯಾರು? ಮಳೆ ಹಲವನ್ನು ಕೊಚ್ಚುತ್ತದೆ, ಹುಳುಗಳೇ ಒಂದನ್ನೊಂದು ತಿನ್ನುತ್ತವೆ. ಉಳಿದ ಕೆಲಸವನ್ನು ಹೊಲದ ಸಣ್ಣ ಜೀವಿಗಳು ಮಾಡುತ್ತವೆ. ಸಾಸಿವೆಗಿಂತ ಚಿಕ್ಕದಾದ ಟೆಲಿನೋಮಸ್, ಟ್ರೈಕೊಗ್ರಾಮಾ ಎಂಬ ಕಣಜಗಳು ಹುಳುವಿನ ಮೊಟ್ಟೆಯೊಳಗೆ ತಮ್ಮ ಮೊಟ್ಟೆ ಇಡುತ್ತವೆ. ಹಿಂಬದಿಯಲ್ಲಿ ಚಿಮುಟದಂಥ ಕೊಂಡಿಯಿರುವ ಕಂದು ಹುಳುವೊಂದು ಸುಳಿಯೊಳಗೇ ಇಳಿದು ಮರಿಗಳನ್ನು ಹಿಡಿದು ತಿನ್ನುತ್ತದೆ. ಕಾಜಾಣ, ಗೊರವಂಕಗಳು ಹೆಕ್ಕುತ್ತವೆ. ಮೋಡ ಮುಸುಕಿದ ತೇವದ ದಿನಗಳಲ್ಲಿ ನೊಮೂರಿಯಾ ಎಂಬ ಶಿಲೀಂಧ್ರ ಹಬ್ಬುತ್ತದೆ. ಅದು ತಗಲಿದ ಹುಳು ಎಲೆಗೆ ಅಂಟಿಕೊಂಡು, ಸುಣ್ಣ ಬಳಿದಂತೆ ಬೆಳ್ಳಗೆ ಸೆಟೆದು ಸಾಯುತ್ತದೆ, ಆಮೇಲೆ ಮೈಮೇಲೆ ತಿಳಿಹಸಿರು ಪುಡಿ ಏಳುತ್ತದೆ. ಹೊರನಾಡಿನ ಈ ಹುಳು ಬಂದ ಕೆಲವೇ ತಿಂಗಳಲ್ಲಿ ಕಣಜ, ಕೊಂಡಿಹುಳು, ಶಿಲೀಂಧ್ರಗಳು ಅದನ್ನು ಬೇಟೆಯಾಡತೊಡಗಿದ್ದನ್ನು ಶಿವಮೊಗ್ಗದ ವಿಜ್ಞಾನಿಗಳು ದಾಖಲಿಸಿದರು.

ಗೆರೆ ದಾಟುವ ಮೊದಲೇ, ಹೆದರಿ, ಎರಡು ಮೂರು ಬಾಟಲಿ ಬೆರೆಸಿ ಹೊಡೆದಾಗ ಮೊದಲು ಸಾಯುವವರು ಈ ಕೂಲಿ ಕೇಳದ ಕಾವಲುಗಾರರು. ಲದ್ದಿಯ ಮುಚ್ಚಳದಡಿಯ ಹುಳು ಉಳಿಯುತ್ತದೆ. ಒಂದೇ ಬಗೆಯ ವಿಷವನ್ನು ಮತ್ತೆ ಮತ್ತೆ ಎದುರಿಸಿ ಬದುಕಿದವು ತಮ್ಮ ತಾಳಿಕೆಯನ್ನು ಮುಂದಿನ ಪೀಳಿಗೆಗೆ ಕೊಡುತ್ತವೆ. ಗಿಡದೊಳಗೇ ವಿಷ ತಯಾರಾಗುವ ಬಿಟಿ ಮೆಕ್ಕೆಜೋಳದ ಒಂದು ಪ್ರೋಟೀನಿಗೂ ಪೋರ್ಟೊರಿಕೊ ದ್ವೀಪದಲ್ಲಿ ಇದೇ ಹುಳು 2006ರ ಹೊತ್ತಿಗೆ ನಿರೋಧ ಬೆಳೆಸಿಕೊಂಡಿತ್ತು.

ಮೊದಲು ಯಾವುದು, ಆಮೇಲೆ ಯಾವುದು

ನಿರ್ವಹಣೆ ಬಿತ್ತುವ ಮೊದಲೇ ಶುರು. ಮಾಗಿ ಉಳುಮೆ ಮಾಡಿದರೆ ಮಣ್ಣಿನ ಕೋಶಗಳು ಬಿಸಿಲಿಗೂ ಹಕ್ಕಿಗೂ ಬೀಳುತ್ತವೆ. ಊರಿನವರೆಲ್ಲ ಒಂದೇ ಮಳೆಗೆ ಬಿತ್ತಿದರೆ ಹುಳುವಿಗೆ ತಿಂಗಳುಗಟ್ಟಲೆ ಎಳೆಯ ಸುಳಿಯ ಸರಬರಾಜು ನಿಲ್ಲುತ್ತದೆ. ತೊಗರಿ, ಅಲಸಂದೆಯ ಸಾಲು ನಡುವಿದ್ದರೆ ಕಾವಲುಗಾರ ಜೀವಿಗಳಿಗೆ ಆಸರೆ. ಎಕರೆಗೆ ಹತ್ತು ಕವಲುಕೋಲು ನೆಟ್ಟರೆ ಹಕ್ಕಿಗೆ ಕೂರಲು ಜಾಗ.

ಮೊದಲ ತಿಂಗಳು ಕೈಯೇ ಆಯುಧ. ನಡಿಗೆಯಲ್ಲಿ ಕಂಡ ಮೊಟ್ಟೆಗುಂಪನ್ನು ಎಲೆಯ ಮೇಲೇ ಹಿಚುಕಿದರೆ ನೂರಿನ್ನೂರು ಹುಳು ಒಂದೇ ಬಾರಿಗೆ ಕಳೆದಂತೆ. ಒಂಬತ್ತು ಪಾಲು ಮರಳಿಗೆ ಒಂದು ಪಾಲು ಸುಣ್ಣ ಬೆರೆಸಿ ಸುಳಿಗೆ ಚಿಟಿಕೆ ಹಾಕುವುದೂ ಉಂಟು. ಗೆರೆ ಮುಟ್ಟಿದರೆ ಬೇವಿನ ಬೀಜದ ಕಷಾಯ: ಐದು ಕಿಲೋ ತಿರುಳಿನ ಪುಡಿಯನ್ನು ರಾತ್ರಿಯಿಡೀ ನೆನೆಸಿ, ಸೋಸಿ, ನೂರು ಲೀಟರ್ ಮಾಡಿಕೊಂಡು ಸುಳಿಗೇ ಬೀಳುವಂತೆ ಸಿಂಪಡಿಸಬೇಕು. ಅದನ್ನೂ ಮೀರಿದಾಗ ಮಾತ್ರ ಶಿಫಾರಸಾದ ಒಂದೇ ಕೀಟನಾಶಕ, ಕೃಷಿ ವಿಜ್ಞಾನ ಕೇಂದ್ರ ಹೇಳಿದ ಅಳತೆಯಲ್ಲಿ, ಸಂಜೆ ಅಥವಾ ಬೆಳಗಿನ ತಂಪಿನಲ್ಲಿ, ಸಣ್ಣ ಮರಿಹುಳು ಇರುವಾಗ. ಮತ್ತೆ ಬೇಕಾದರೆ ಬೇರೆ ಗುಂಪಿನ ಔಷಧ. ಮುಖಕ್ಕೆ ಬಟ್ಟೆ, ಕೈಗವಸು ಇರಲಿ, ಗಾಳಿಗೆ ಎದುರಾಗಿ ಹೊಡೆಯುವುದು ಬೇಡ. ಸಿಂಪಡಿಸಿದ ಸಾಲಿನ ಮೇವು ಆ ಔಷಧಕ್ಕೆ ಹೇಳಿದ ಕಾಯುವ ಅವಧಿ ಮುಗಿಯುವವರೆಗೆ ದನದ ಬಾಯಿಗೆ ಹೋಗಬಾರದು.

ಬಲಿತ ಹುಳುವಿಗೆ ವಿಷಪಾಷಾಣ. ಹತ್ತು ಕಿಲೋ ಅಕ್ಕಿ ತೌಡಿಗೆ ಎರಡು ಕಿಲೋ ಬೆಲ್ಲ, ಎರಡು ಮೂರು ಲೀಟರ್ ನೀರು ಕಲಸಿ ಒಂದು ದಿನ ಹುಳಿಬರಿಸಿ, ಹಾಕುವ ಅರ್ಧ ಗಂಟೆ ಮೊದಲು ನೂರು ಗ್ರಾಂ ಥೈಯೋಡಿಕಾರ್ಬ್ ಬೆರೆಸಿ ಸುಳಿಗೆ ಚಿಟಿಕೆ ಚಿಟಿಕೆ ಉದುರಿಸುತ್ತಾರೆ. ಹುಳಿ-ಸಿಹಿ ವಾಸನೆಗೆ ಹುಳು ತಾನೇ ಮೇಲೆ ಬರುತ್ತದೆ. ಈ ತೌಡು ದನಕರುಗಳನ್ನೂ ಸೆಳೆಯುತ್ತದೆ, ಮಕ್ಕಳ ಕೈಗೂ ಎಟುಕಬಹುದು. ಹಾಗಾಗಿ ಕಲಸುವಾಗ ಕೈಗವಸು ಕಡ್ಡಾಯ, ಮಿಕ್ಕದ್ದನ್ನು ಕೊಟ್ಟಿಗೆಯ ಹತ್ತಿರವೂ ತರಬಾರದು.

ಆ ಹೊಲದ ಯಜಮಾನರು ಶೇಕಡ 8 ಕಂಡ ದಿನ ಸಂಜೆ ಬೇವಿನ ಕಷಾಯ ಸಿಂಪಡಿಸಿದರು. ನಾಲ್ಕನೆಯ ದಿನ ಮತ್ತೆ ಐವತ್ತು ಗಿಡ ನೋಡಿದೆವು. ತೂತಾದ ಎಲೆಗಳು ಮೊದಲಿಗಿಂತ ಹೆಚ್ಚು ಕಂಡವು, ಏಕೆಂದರೆ ಅಂದು ಸುಳಿಯಲ್ಲಿದ್ದ ಎಲೆಗಳು ಈಗ ಬಿಚ್ಚಿಕೊಂಡಿದ್ದವು. ಹಸಿ ಲದ್ದಿ ಇದ್ದದ್ದು ಎರಡರಲ್ಲಿ. ಒಂದು ಎಲೆಯ ಬೆನ್ನಿಗೆ ಬೆಳ್ಳಗೆ ಸೆಟೆದ ಹುಳುವೊಂದು ಅಂಟಿಕೊಂಡಿತ್ತು. ಅವರು ಅದನ್ನು ಕೀಳಲಿಲ್ಲ. “ಇರಲಿ ಬಿಡ್ರಿ, ಬೇರೆಯವಕ್ಕೂ ತಗಲ್ಲಿ,” ಎಂದರು.

ನಾಲ್ಕು ಎರಡಾದದ್ದು ಐವತ್ತು ಗಿಡದ ಲೆಕ್ಕದಲ್ಲಿ ದೊಡ್ಡ ಸಾಕ್ಷಿಯಲ್ಲ ಎಂಬುದು ಅವರಿಗೂ ಗೊತ್ತಿತ್ತು. ಚೀಟಿಯಲ್ಲಿ ಎರಡು ಎಂದು ಬರೆದು, ಕೆಳಗೆ ಮುಂದಿನ ನಡಿಗೆಯ ದಿನವನ್ನು ಗುರುತು ಹಾಕಿಕೊಂಡರು. ಪಂಪು ಮಾತ್ರ ಅಂದು ಮನೆಯ ಗೂಟದಲ್ಲೇ ಇತ್ತು.